ಎಂಟನೇ ಮಹಡಿಯ ಕಿಟಕಿ

“ಬಲಗಡೆ ಎತ್ತಿ... ಅಲ್ಲ, ಎಡಗಡೆ,” ಎಂದು ಅಳಿಯ ಕೂಗುವಷ್ಟರಲ್ಲಿ ಕ್ರೇನಣ್ಣನ ಶವ ಹೊತ್ತ ಸ್ಟ್ರೆಚರ್ ಏಳನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಲಿಫ್ಟಿನಲ್ಲಿ ಅದು ಹಿಡಿಸಿರಲಿಲ್ಲ. ಹೊತ್ತ ನಾಲ್ವರೂ ತಲೆಗೊಂದು ಮಾತಾಡುತ್ತಿದ್ದರು. ಕೈಮಾವ ಎರಡು ಮೆಟ್ಟಿಲು ಕೆಳಗೆ ನಿಂತಿದ್ದ. ಮಂಡಿನೋವಿನಿಂದ ಮೇಲೆಯೇ ಉಳಿದ ಅತ್ತಿಗೆ, ಕ್ರೇನಣ್ಣನ ಹೆಂಡತಿ, ಅವನಿಗೆ ಒಂದೇ ಮಾತು ಹೇಳಿದ್ದಳು: “ವಾಲದ ಹಾಗೆ ಇಳಿಸಪ್ಪ.” ಮೂವತ್ತು ವರ್ಷ ಕ್ರೇನ್ ನಡೆಸಿ ಒಂದು ಪೆಟ್ಟಿಗೆಯನ್ನೂ ವಾಲಿಸದವನು ಕೊನೆಯ ದಿನ ತಾನೇ ವಾಲುವುದೆಂದರೇನು?

“ಮಾವ, ನೀವೇ ಇಳಿಸಿ,” ಎಂದಳು ಕ್ರೇನಣ್ಣನ ಮಗಳು. ಉಳಿದವರ ಕಡೆ ತಿರುಗಿ, “ಯಾರೂ ಮಾತಾಡ್ಬೇಡಿ. ಅವರ ಕೈ ನೋಡಿ, ಸಾಕು,” ಎಂದಳು.

*

ಈ ಮನೆಗಳು ಏಳುವ ಮೊದಲು ಇಲ್ಲಿ ಹಡಗಿನ ಸರಕು ಇಳಿಸುವ ಧಕ್ಕೆಯಿತ್ತು. ಕ್ರೇನಣ್ಣ ಮೇಲೆ ಕ್ರೇನಿನ ಕ್ಯಾಬಿನ್ನಿನಲ್ಲಿ, ಕೈಮಾವ ಕೆಳಗೆ ನೆಲದ ಮೇಲೆ. ಆ ಗದ್ದಲದಲ್ಲಿ ಮಾತು ಎಲ್ಲಿ ಕೇಳಬೇಕು? ಇವನ ಕೈಯೇ ಅವನಿಗೆ ಕಣ್ಣು. ಬೆರಳು ಕೆಳಮುಖವಾಗಿ ಸುತ್ತಿದರೆ ಇಳಿಸು, ಮುಷ್ಟಿ ಬಿಗಿದರೆ ನಿಲ್ಲಿಸು, ಎದೆಯ ಮುಂದೆ ಎರಡೂ ಕೈ ಹೆಣೆದರೆ ಸರಕು ನೆಲ ಮುಟ್ಟಿತು. ಆಗ ಮೇಲಿನಿಂದ ಒಂದು ತೋಳು ಹೊರಬಂದು ಒಮ್ಮೆ ಬೀಸುತ್ತಿತ್ತು. ಕ್ರೇನಣ್ಣನ ಮನೆಯಲ್ಲಂತೂ ಊಟಕ್ಕೆ ಕೂತವರು ಸಾಕು ಎನ್ನಲೂ ಮುಷ್ಟಿಯನ್ನೇ ತೋರಿಸುತ್ತಿದ್ದರು.

ಧಕ್ಕೆ ಮುಚ್ಚಿ ಈ ಮನೆಗಳು ಎದ್ದಾಗ ಹಳಬರೆಲ್ಲ ಹಳಹಳಿಸಿದರು. ಕ್ರೇನಣ್ಣ ಮಾತ್ರ ಎಂಟನೇ ಮಹಡಿಯೇ ಬೇಕೆಂದು ಪಟ್ಟು ಹಿಡಿದ. ಅಲ್ಲಿಯ ಅಡುಗೆಮನೆಯ ಕಿಟಕಿ ಸರಿಯಾಗಿ ಅವನ ಕ್ಯಾಬಿನ್ನಿನ ಎತ್ತರಕ್ಕಿತ್ತು. “ಅಲ್ಲಿನ ಗಾಳಿಗೆ ನನ್ನ ಗುರುತಿದೆ ಕಣೋ. ಈಗ ಜೊತೆಗೆ ಬಿಸಿ ಚಹಾನೂ ಸಿಗುತ್ತೆ,” ಎಂದಿದ್ದ. ದಿನಾ ಸಂಜೆ ಕೈಮಾವ ಅಂಗಳಕ್ಕೆ ಬಂದು ಕೈ ಹೆಣೆಯುವುದು, ಕಿಟಕಿಯಿಂದ ತೋಳು ಬೀಸುವುದು. ಹೊಸದಾಗಿ ಬಂದ ಸಂಸಾರಗಳು ಇಬ್ಬರಿಗೂ ಅರಳುಮರಳು ಎಂದು ನಗುತ್ತಿದ್ದವು. ಹತ್ತು ವರ್ಷ ಹಾಗೆಯೇ ಸುಖವಾಗಿ ಕಳೆಯಿತು.

*

ಕೈಮಾವ ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದ. ಬೆರಳು ಸುತ್ತಿತು, ಮುಷ್ಟಿ ಬಿಗಿಯಿತು, ಮತ್ತೆ ಬೆರಳು ಸುತ್ತಿತು. ಸನ್ನೆ ತಿಳಿದ ಮಗಳು ಮೇಲಿನಿಂದ ಹೊತ್ತವರ ಬೆನ್ನು ತಟ್ಟಿ ದಾರಿ ತೋರಿದಳು. ನಾಲ್ಕನೇ ಮಹಡಿಗೆ ಬರುವಷ್ಟರಲ್ಲಿ ಅಳಿಯನಿಗೂ ಆ ಭಾಷೆ ಬಂದಿತ್ತು. ಸ್ಟ್ರೆಚರ್ ಎಲ್ಲೂ ಗೋಡೆಗೆ ತಾಗಲಿಲ್ಲ.

ಅಂಗಳದಲ್ಲಿ ಅದನ್ನು ಮೆಲ್ಲಗೆ ಕೆಳಗಿಟ್ಟಾಗ ಕೈಮಾವ ಎದೆಯ ಮುಂದೆ ಎರಡೂ ಕೈ ಹೆಣೆದ. ಪ್ರಾರ್ಥನೆ ಇರಬೇಕೆಂದುಕೊಂಡು ನೆರೆಯವರು ತಲೆ ತಗ್ಗಿಸಿದರು. ಅವನು ಮಾತ್ರ ಅಭ್ಯಾಸಬಲದಿಂದ ತಲೆಯೆತ್ತಿ ಎಂಟನೇ ಮಹಡಿ ನೋಡಿದ.

ಅಡುಗೆಮನೆಯ ಕಿಟಕಿಯಲ್ಲಿ ಅತ್ತಿಗೆ ನಿಂತಿದ್ದಳು. ಅವಳ ತೋಳು ಹೊರಬಂದು ಒಮ್ಮೆ ಬೀಸಿತು.