ಹಗಲು ಡ್ಯೂಟಿ

ಬಸವೇಶ್ವರನಗರದ ಒಂದು ನರ್ಸಿಂಗ್ ಹೋಮಿನಲ್ಲಿ ನಾನೂ ಕುಸುಮಾಳೂ ಆಯಾಗಳು. ಹನ್ನೊಂದು ವರ್ಷದಿಂದ ನನಗೆ ಹಗಲು ಡ್ಯೂಟಿ, ಅವಳಿಗೆ ರಾತ್ರಿ. ಬೆಳಿಗ್ಗೆ ಎಂಟಕ್ಕೆ ವಾರ್ಡಿನ ಬೀಗದ ಕೈ ನನಗೆ ಕೊಟ್ಟು ಅವಳು ಲಗ್ಗೆರೆಯ ಬಸ್ಸು ಹಿಡಿಯುತ್ತಾಳೆ.

ಈ ಏರ್ಪಾಡು ಮಾಡಿಕೊಂಡವಳು ನಾನೇ. ಗಂಡ ತೀರಿಕೊಂಡಿದ್ದರು, ಮಗಳು ದಿವ್ಯ ಆಗ ಎಂಟನೇ ಕ್ಲಾಸು. ಹುಡುಗಿಯನ್ನು ರಾತ್ರಿ ಒಬ್ಬಳೇ ಬಿಡುವುದು ಹೇಗೆ? "ಹತ್ತನೇ ಕ್ಲಾಸ್ ಮುಗಿಯೋವರೆಗೆ ಮಾತ್ರ ಕಣೇ" ಅಂತ ಕುಸುಮಾಳಿಗೆ ಹೇಳಿದ್ದೆ. "ನಂಗೇನು ಮಕ್ಳಾ ಮರೀನಾ, ಇರ್ಲಿ ಬಿಡಿ ಅಕ್ಕ" ಅಂದಳು. ಹತ್ತನೇ ಕ್ಲಾಸು ಮುಗಿಯಿತು, ಪಿಯುಸಿ ಮುಗಿಯಿತು, ದಿವ್ಯಳ ಮದುವೆಯೂ ಆಯಿತು. ಕುಸುಮಾ ಕೇಳಲಿಲ್ಲ, ನಾನು ನೆನಪಿಸಲಿಲ್ಲ. ಇಷ್ಟು ಜಾಣತನ ನನಗೆ ಎಲ್ಲಿಂದ ಬಂತೋ.

ಹೋದ ವರ್ಷ ಕುಸುಮಾಳ ಎದೆಯಲ್ಲಿ ಗಂಟು ಸಿಕ್ಕಿತು. ಕ್ಯಾನ್ಸರ್. ಆಪರೇಷನ್ನು, ಕೀಮೋ ಎಲ್ಲ ಮುಗಿದು ಕೂದಲು ಮತ್ತೆ ಬರತೊಡಗಿದಾಗ, ಡಾಕ್ಟರ ಹತ್ತಿರ ಜೊತೆಗೆ ಹೋದವಳೂ ನಾನೇ. ಡಾಕ್ಟರಮ್ಮ ನಿಧಾನವಾಗಿ ಹೇಳಿದರು. "ದೇಹದೊಳಗೂ ಒಂದು ಗಡಿಯಾರ ಇರತ್ತಮ್ಮ. ವರ್ಷಗಟ್ಲೆ ರಾತ್ರಿ ಎದ್ದಿದ್ರೆ ಅದು ಕೆಡತ್ತೆ. ಅಂಥವರಿಗೆ ಈ ಕಾಯಿಲೆ ಸ್ವಲ್ಪ ಹೆಚ್ಚು ಬರಬಹುದು ಅಂತಾರೆ. ನಿಮ್ಗೆ ಅದ್ರಿಂದ್ಲೇ ಬಂತು ಅಂತ ಹೇಳಕ್ಕಾಗಲ್ಲ. ಆದ್ರೂ ಇನ್ಮೇಲೆ ರಾತ್ರಿ ಮಲಗಿ."

ಹೇಳಕ್ಕಾಗಲ್ಲ ಅಂದರಲ್ಲ, ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದೆ.

ಹೋದ ವಾರ ಕೆಲಸಕ್ಕೆ ವಾಪಸ್ ಬಂದ ಕುಸುಮಾ, ಮ್ಯಾನೇಜರ್ ಜಗನ್ನಾಥರನ್ನು ಹಗಲು ಡ್ಯೂಟಿ ಕೇಳಿದಳು. "ಇರೋದೇ ಇಬ್ರು. ನೀನೂ ಯಶೋದಮ್ಮನೂ ಮಾತಾಡ್ಕೊಳಿ, ನಂದೇನಿಲ್ಲ" ಅಂದು ಪುಣ್ಯಾತ್ಮ ಕೈ ತೊಳೆದುಕೊಂಡರು.

ಮರುದಿನ ಬೆಳಿಗ್ಗೆ ಬೀಗದ ಕೈ ಕೊಡುವಾಗ ಕೇಳಿದಳು, "ಅಕ್ಕ, ಇನ್ಮೇಲೆ ನೀವು ರಾತ್ರಿಗೆ ಬರ್ತೀರಾ?"

ಮಂಡಿ ನೋವು, ಬಿಪಿ ಅಂತ ಏನಾದರೂ ಹೇಳಬಹುದಿತ್ತು. ಸುಳ್ಳು ಬಾಯಿಗೆ ಬರಲಿಲ್ಲ. "ಡಾಕ್ಟರಮ್ಮ ಹೇಳಿದ್ದು ನಾನೂ ಕೇಳಿಸ್ಕೊಂಡೆ ಕಣೇ" ಅಂದೆ. "ಕೇಳಿಸ್ಕೊಂಡ್ಮೇಲೆ ಹೆಂಗೆ ಬರ್ಲಿ?"

ನನ್ನ ಮುಖವನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ಆರನೇ ಬೆಡ್ ಅಜ್ಜಿ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಈಗ ಮಲ್ಗಿದಾರೆ, ಎಬ್ಬಿಸ್ಬೇಡಿ" ಅಂದವಳು, ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದು ಬಸ್ ಸ್ಟಾಪಿನ ಕಡೆ ನಡೆದಳು.

ನನಗೆ ಆ ರಾತ್ರಿ ನಿದ್ದೆ ಬರಲಾರದು ಅಂದುಕೊಂಡೇ ಮಲಗಿದೆ. ಒಂಬತ್ತೂವರೆಗೆ ಕಣ್ಣು ಮುಚ್ಚಿದವಳಿಗೆ ಎಚ್ಚರವಾದದ್ದು ಬೆಳಿಗ್ಗೆ ಐದಕ್ಕೆ.