ನಾಲ್ಕನೆಯ ಸ್ನಾನ

ಅಣ್ಣ ರಾಘವೇಂದ್ರ ಅಡಿಗೆಮನೆಗೆ ಕಾಲಿಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ಕಂಡವಳಲ್ಲ. ತಾಟಿನ ಮುಂದೆ ಕುಳಿತು ಕೂಗುವುದಷ್ಟೇ ಅವನ ಕೆಲಸ. ಅಂಥವನು ಆ ಮುಂಜಾನೆ ಎರಡು ಸಲ ಒಳಗೆ ಬಂದ. ಎರಡು ಸಲವೂ ನನ್ನನ್ನು ಮುಟ್ಟಿದ.

ನಾನು ಮಡಿಯಲ್ಲಿದ್ದೆ. ನಮ್ಮ ಅಜ್ಜಿ ವೆಂಕೂಬಾಯಿ ಮಡಿಯ ಅಡಿಗೆಯಲ್ಲದೆ ಒಂದಗಳು ಬಾಯಿಗಿಡುವವಳಲ್ಲ. ಸ್ನಾನ ಮಾಡಿ, ಮಡಿಸೀರೆ ಉಟ್ಟು, ಯಾರಿಗೂ ತಾಗದೆ ಮಾಡಬೇಕು. ನಡುವೆ ಯಾರಾದರೂ ಮುಟ್ಟಿದರೆ ಮಾಡಿದ್ದೆಲ್ಲ ಮೈಲಿಗೆ. ಮತ್ತೆ ತಲೆಯ ಮೇಲೆ ನೀರು, ಮತ್ತೆ ಒದ್ದೆ ಸೀರೆ, ಮತ್ತೆ ಮೊದಲಿನಿಂದ ಅಡಿಗೆ. ಅವ್ವ ತೀರಿದ ಮೇಲೆ ಏಳು ವರ್ಷ ಇದು ನನ್ನ ಪಾಲಿಗೆ ಬಂದಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿಗೆ ಎರಡು ವರ್ಷಕ್ಕೊಂದು ಕೂಸು, ಅವಳಿಗೆಲ್ಲಿಯ ಮಡಿ?

ಹದಿನೈದಕ್ಕೇ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನು. ಮಾಸ್ತರಬಾಯಿ ಆಗಬೇಕೆಂಬ ಆಸೆಗೆ ಏಳು ವರ್ಷ ಒಲೆಯ ಹೊಗೆ ಕುಡಿಸಿದ್ದಾಯಿತು. ೧೯೫೫ನೆಯ ಇಸವಿಯಲ್ಲಿ ಯಾರನ್ನೂ ಕೇಳದೆ ಅರ್ಜಿ ಹಾಕಿದೆ. ಧಾರವಾಡದ ಟ್ರೇನಿಂಗಿಗೆ ಕರೆ ಬಂತು. ಆ ಮುಂಜಾನೆಯ ಮರುದಿನ ಹತ್ತು ಗಂಟೆಗೆ ಹಾಜರಾಗದಿದ್ದರೆ ಜಾಗ ಬೇರೆಯವರಿಗೆ. ರೋಣದಿಂದ ರೈಲಿಗೆ ಹೊಂದುವ ಗದಗಿನ ಬಸ್ಸು ಒಂದೇ, ಬೆಳಿಗ್ಗೆ ಒಂಬತ್ತಕ್ಕೆ. ಅಜ್ಜಿಯ ಹೊಟ್ಟೆಯನ್ನೂ ನಾನು ಮರೆತಿರಲಿಲ್ಲ. ಶಿರೋಳದ ಅತ್ತೆಯನ್ನು ಕಾಡಿ ಬೇಡಿ ಒಪ್ಪಿಸಿದ್ದೆ. ಅಂದು ಸಂಜೆಯಿಂದ ಒಲೆ ಅವಳದು. ಮುಂಜಾನೆಯ ಒಂದು ಊಟ ಮಾಡಿಟ್ಟು ಹೋಗಬೇಕಿತ್ತು, ಅಷ್ಟೆ.

ಐದಕ್ಕೆ ಮೊದಲ ಸ್ನಾನ. ಅನ್ನ ಇಳಿಸುವಾಗ ವೈನಿಯ ಕೂಸು ಅಂಬೆಗಾಲಿಟ್ಟು ಬಂದು ಸೆರಗು ಹಿಡಿಯಿತು. ಕೂಸಿನ ಮೇಲೆ ಸಿಟ್ಟು ಮಾಡಲಾದೀತೇ? ಎರಡನೆಯ ಸ್ನಾನ. ಸಾರು ಕುದಿಯುವಾಗ ಅಣ್ಣ ಅಡಕೆ ಹುಡುಕುತ್ತ ಬಂದು ನನ್ನ ತೋಳಿಗೆ ತಾಗಿದ.

"ಅಯ್ಯ, ತಪ್ಪಾತವಾ ಅನಸೂಯಾ."

ಅಡಿಗೆಮನೆಯಲ್ಲಿ ಅಡಕೆ ಯಾರಿಡುತ್ತಾರೆ? ಆಗಲೇ ತಿಳಿಯಬೇಕಿತ್ತು ನನಗೆ. ಮೂರನೆಯ ಸ್ನಾನ. ಸೀರೆಯಿಂದ ನೀರು ಸುರಿಯುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ಎಂಟೂಕಾಲಾಗಿತ್ತು. ಸಾರು ಮುಗಿಸಿ ಅನ್ನಕ್ಕೆ ಎಸರಿಟ್ಟಿದ್ದೆ. ಅಣ್ಣ ಮತ್ತೆ ಬಂದ. ಈ ಸಲ ಏನನ್ನೂ ಹುಡುಕಲಿಲ್ಲ, ನೆಟ್ಟಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟ.

"ಯಾಕಿಷ್ಟ ಒದ್ದಾಡ್ತೀ? ಈ ವರ್ಷ ಬಿಡು. ಮುಂದಿನ ವರ್ಷ ನಾನ ಕಳಸ್ತೀನಿ."

ಬಾಯಿ ಬೆಲ್ಲ, ಕರುಳು ಕತ್ತರಿ! ಹೋಗಬೇಡ ಎಂದು ಎದುರಿಗೆ ನಿಂತು ಹೇಳುವ ಎದೆಗಾರಿಕೆ ಇಲ್ಲದವನು ನನ್ನ ಮಡಿಯನ್ನೇ ನನಗೆ ಬೀಗ ಮಾಡಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

"ಮೈಲಿಗಿ ಮಾಡಿದಾಂವ ನೀನು. ನೀನ ಸ್ನಾನ ಮಾಡು, ನೀನ ಅಜ್ಜಿಗೆ ಮಾಡಿ ಹಾಕು."

"ನಾ ಒಲಿ ಮುಂದ ಕೂಡ್ಲೇನು? ನನಗ ಕೋರ್ಟಿಗೆ ಹೋಗೋದದ!" ಅವನು ವಕೀಲರೊಬ್ಬರ ಗುಮಾಸ್ತ.

"ನನಗ ಧಾರವಾಡಕ್ಕ ಹೋಗೋದದ."

"ಹೋಗು. ಎಂಬತ್ತು ವರ್ಷದ ಮುದುಕಿ ಉಪವಾಸ ಬೀಳ್ತಾಳ. ಆ ಪಾಪ ನಿನಗ."

ಆ ಮಾತಿಗೆ ನಾನು ಸೋತೆ. ಏಳು ವರ್ಷದ ರೂಢಿ, ಕೈ ತಾನಾಗಿ ಕೊಡಕ್ಕೆ ಹೋಯಿತು. ಆಗ ದೇವರಕೋಣೆಯಿಂದ ಅಜ್ಜಿಯ ದನಿ ಕೇಳಿತು.

"ರಾಘ್ಯಾ, ನನಗ ಹಸಿವಿ ಆಗೇದ. ಅಕೀ ಮಾರಿ ಏನ ನೋಡ್ತೀ? ಲಗೂನ ಸ್ನಾನ ಮಾಡು. ನಾ ಬಾಣಂತಿ ಇದ್ದಾಗೆಲ್ಲ ನಿಮ್ಮಜ್ಜ ಮಡೀಲೆ ಮಾಡಿ ಬಡಸ್ತಿದ್ರು. ಗಂಡಸರ ಮಡಿ ನನಗ ನಡೀತದ."

ನಾನು ಕೊಡವನ್ನು ಅಣ್ಣನ ಕೈಗೆ ಕೊಟ್ಟೆ. ಸೀರೆ ಬದಲಿಸಿ, ಚೀಲ ಎತ್ತಿಕೊಂಡು, ಅಜ್ಜಿಗೆ ದೂರದಿಂದಲೇ ನಮಸ್ಕಾರ ಮಾಡಿ ಓಡಿದೆ. ಬಸ್ಸು ಸಿಕ್ಕಿತು.

ಊರು ದಾಟುವಾಗ ಅಳು ಬಂತು. ಸಂತೋಷದ್ದಲ್ಲ, ಸಿಟ್ಟಿನದು. ಅದೂ ಅಣ್ಣನ ಮೇಲಲ್ಲ. ಗಂಡಸರ ಮಡಿ ನಡೆಯುತ್ತದೆಂದು ಅಜ್ಜಿಗೆ ಏಳು ವರ್ಷವೂ ಗೊತ್ತಿತ್ತು.