ಏಳರಿಂದ ಎಂಟರವರೆಗೆ ಬೀಗ

ಸಂತೆಕಲ್ಲೂರಿನ ಯಮನೂರಮ್ಮಜ್ಜಿಯಷ್ಟು ಚೆಂದಾಗಿ ಸುಳ್ಳು ಹೇಳುವವರು ಅತ್ತ ಲಿಂಗಸುಗೂರು, ಇತ್ತ ಸಿಂಧನೂರು, ನಡುವಿನ ಮಸ್ಕಿ ಎಲ್ಲ ಹುಡುಕಿದರೂ ಸಿಗುವುದಿಲ್ಲ. ಹಾಗಂತ ತನ್ನ ಲಾಭಕ್ಕೆ ಆಕೆ ಒಂದು ಸುಳ್ಳನ್ನೂ ಆಡಿದವಳಲ್ಲ. ವಯಸ್ಸಿಗೆ ಬಂದ ಹುಡುಗಿ ಎಲ್ಲಿದ್ದಾಳೆ ಅಂತ ಗುರುತಿಲ್ಲದವರು ಕೇಳಿದರೆ ದಿಕ್ಕು ತಪ್ಪಿಸಬೇಕು, ಅಷ್ಟೇ. ರಾಕ್ಷಸ ಬಂದು ರಾಜಕುಮಾರಿ ಎಲ್ಲಿ ಅಂದಾಗ ಹೂವಾಡಗಿತ್ತಿ ಮುದುಕಿ ಏಳು ಸಮುದ್ರದ ಆಚೆಗೆ ಕೈ ತೋರಿಸಿ, ಹುಡುಗಿಯನ್ನು ಬುಟ್ಟಿಯಡಿ ಮುಚ್ಚಿಡುತ್ತಾಳಲ್ಲ, ಹಾಗೆ.

ಈ ರಾಜಕುಮಾರಿ ಆಕೆಯ ಮೊಮ್ಮಗಳು ಅಂಜಲಿ. ಮೂರು ವರ್ಷದ ಹಿಂದೆ ಮಸ್ಕಿಯ ಕ್ರೀಡಾಕೂಟದಲ್ಲಿ, ಯಾರಾದರೂ ಹೊತ್ತೊಯ್ದಾರೆಂದು ಹೊಸ ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಓಡಿ ಎಲ್ಲರಿಗಿಂತ ಒಂದು ಸುತ್ತು ಮುಂದೆ ಬಂದಿದ್ದಳು. ಅದನ್ನು ಕಂಡ ಒಂದು ದೊಡ್ಡ ಕಂಪನಿಯ ಪ್ರತಿಷ್ಠಾನದವರು ಅಂದಿನಿಂದ ಬೂಟು, ಕೋಚು, ಬೆಂಗಳೂರಿನ ಶಿಬಿರ, ಮಂಡಿನೋವಿಗೆ ಡಾಕ್ಟರು, ದಿನಕ್ಕೆ ಆರು ಮೊಟ್ಟೆ ಎಲ್ಲ ಕೊಡುತ್ತ ಬಂದಿದ್ದರು. ಆ ಕಂಪನಿ ಏನು ತಯಾರಿಸುತ್ತದೆ ಅಂತ ಅಜ್ಜಿಗೆ ಗೊತ್ತಿರಲಿಲ್ಲ. ಪೈಪೋ ಬಿಸ್ಕೀಟೋ ಇರಬೇಕು. ಏನೇ ಇರಲಿ, ಅದರ ಪುಣ್ಯದಿಂದ ಬರುವ ತಿಂಗಳು ಅಂಜಲಿ ಏಷ್ಯಾ ಖಂಡದವರ ಜೊತೆ ಐದು ಸಾವಿರ ಮೀಟರು ಓಡಲು ವಿಮಾನ ಹತ್ತುವವಳಿದ್ದಳು.

ಅಷ್ಟರಲ್ಲಿ ಪ್ರತಿಷ್ಠಾನದ ಅನಿಲಕುಮಾರ ಸಿಂಧನೂರಿನಿಂದ ಬೈಕಿನಲ್ಲಿ ಬಂದು ಮುಖ ಸಣ್ಣದು ಮಾಡಿ ಕೂತ.

"ನೋಡವ್ವಾ, ಇಷ್ಟು ದೊಡ್ಡ ಓಟಕ್ಕ ಹೋಗೋರು ದಿನಾ ಒಂದು ತಾಸು ಎಲ್ಲಿರ್ತೀವಿ ಅಂತ ಮೊದಲೇ ಫೋನಿನ್ಯಾಗ ಬರದಿಡಬೇಕು. ಪರೀಕ್ಷಾದವರು ದಿಲ್ಲಿಯಿಂದ ಹೇಳದೇ ಕೇಳದೇ ಬರ್ತಾರ. ಉಚ್ಚಿ ತಗೊಂಡು ಹೋಗಿ, ಮದ್ದು ಗಿದ್ದು ತಿಂದು ಓಡ್ಯಾರೇನು ನೋಡ್ತಾರ. ನಿಮ್ಮಾಕಿ ಎರಡು ಸಲ ಸಿಕ್ಕಿಲ್ಲ. ಒಂದ್ಸಲ ಲಿಂಗಸುಗೂರಿಗೆ ಬಸುರಿ ಗೆಳತಿ ಕುಬಸಕ್ಕ ಹೋಗಿದ್ಲು. ಇನ್ನೊಂದ್ಸಲ ಬಸ್ ತಪ್ಪಿ ಹಟ್ಟಿ ಬಸ್‌ಸ್ಟ್ಯಾಂಡಿನ್ಯಾಗ ನಿಂತಿದ್ಲು."

"ಮೂರನೇ ಸಲ ತಪ್ಪಿದ್ರ?"

"ಎರಡು ವರ್ಷ ಓಟ ಬಂದ್. ವಿಮಾನ ಇಲ್ಲ. ನಮ್ಮ ಕಂಪನಿನೂ ಕೈ ಬಿಡ್ತೈತಿ."

ಅಜ್ಜಿ ಮರುದಿನವೇ ಮಸ್ಕಿಗೆ ಹೋಗಿ ತೆಂಗಿನಕಾಯಿಯಷ್ಟು ದೊಡ್ಡ ಬೀಗವೊಂದನ್ನು ತಂದಳು. ಅಂಜಲಿ ಬರೆದಿಟ್ಟ ಹೊತ್ತು ಮುಂಜಾನೆ ಏಳರಿಂದ ಎಂಟು, ಜಾಗ ಮನೆ. ಏಳು ಹೊಡೆಯುತ್ತಲೇ ಅಜ್ಜಿ ಮೊಮ್ಮಗಳನ್ನು ಒಳಗೆ ಹಾಕಿ ಹೊರಗಿನಿಂದ ಬೀಗ ಜಡಿದು ಕಟ್ಟೆಯ ಮೇಲೆ ಕೂಡತೊಡಗಿದಳು. ಹುಡುಗಿಯರು ಫೋನಿನ ದಾರಿಯಲ್ಲೂ ಹೊರಬೀಳುತ್ತಾರೆಂದು ಕೇಳಿದ್ದರಿಂದ ಫೋನನ್ನೂ ತನ್ನ ಎಲೆಅಡಿಕೆ ಚಂಚಿಯೊಳಗೆ ಹಾಕಿಕೊಂಡಳು. ಐದಕ್ಕೆದ್ದು ಹತ್ತು ಮೈಲಿ ಓಡಿ ಬಂದ ಅಂಜಲಿಗೆ ಇದೆಲ್ಲ ವರವಾಯಿತು. ಮುಸುಕೆಳೆದು ಮಲಗಿದರೆ ಕಿವಿಯ ಹತ್ತಿರ ಡೊಳ್ಳು ಬಾರಿಸಿದರೂ ಏಳುತ್ತಿರಲಿಲ್ಲ.

ಪರೀಕ್ಷೆಯವರು ಹೇಗಿರುತ್ತಾರೆಂದು ಅಜ್ಜಿ ಯಾರನ್ನೂ ಕೇಳಲಿಲ್ಲ. ದಿಲ್ಲಿಯವರು ಅಂದಮೇಲೆ ಜೀಪು, ಜೀಪಿನ ಮೇಲೆ ದೀಪ, ಹಿಂದೆ ಕೋಲು ಹಿಡಿದ ಜವಾನ, ಇಷ್ಟಂತೂ ಇದ್ದೇ ಇರಬೇಕಲ್ಲ!

ಮಂಗಳವಾರ ಏಳೂ ಐದಕ್ಕೆ ಸೊಹೇಲನ ಶೇರ್ ಆಟೋದಿಂದ, ಮೆಣಸಿನಕಾಯಿ ಚೀಲಗಳ ನಡುವೆ ನುಸುಳಿಕೊಂಡು, ಪ್ಯಾಂಟು ತೊಟ್ಟ ಹೆಂಗಸೊಬ್ಬಳು ಮತ್ತು ಸಣಕಲ ಗಂಡಸೊಬ್ಬ ಇಳಿದರು. ಹೆಂಗಸಿನ ಹೆಗಲಲ್ಲಿ ಕರೀ ಚೀಲ.

"ಅಜ್ಜಿ, ಅಂಜಲಿ ಇದ್ದಾರಾ?"

"ಏನು ಕೆಲಸಿತ್ರಿ?"

"ಅದನ್ನ ಅವರಿಗೆ ಮಾತ್ರ ಹೇಳ್ಬೇಕು."

ಅಜ್ಜಿಗೆ ಎಲ್ಲ ಅರ್ಥವಾಗಿಹೋಯಿತು. ಹುಡುಗಿಗೆ ಮಾತ್ರ ಹೇಳುವ ಕೆಲಸ ಅಂದರೆ ಯಾವನೋ ಹುಡುಗ ಕಳಿಸಿದ ಓಲೆ!

"ಮಸ್ಕಿಗೆ ಹೋಗ್ಯಾಳ."

"ಯಾವಾಗ ಬರ್ತಾರೆ?"

"ದೀಪಾವಳಿಗೆ."

ಹೆಂಗಸು ಬೀಗ ನೋಡಿದಳು, ಗಡಿಯಾರ ನೋಡಿದಳು, ಕಟ್ಟೆಯ ಮೇಲೆ ಕೂತೇಬಿಟ್ಟಳು. "ಎಂಟರವರೆಗೆ ಕಾಯ್ತೀವಿ."

ಕಾಯುತ್ತಾರಂತೆ! ದಿಲ್ಲಿಯ ಜೀಪು ಬರುವ ಹೊತ್ತಿಗೆ ಇಂಥವರು ಬಾಗಿಲಲ್ಲಿ ಕೂತಿದ್ದರೆ ನೋಡಿದವರು ಏನಂದಾರು? ಅಜ್ಜಿ ಸೆರಗು ಸರಿಮಾಡಿಕೊಂಡು ಕಣಕ್ಕಿಳಿದಳು.

"ಖರೇ ಹೇಳ್ತೀನ್ರಿ. ಆಕಿ ಮದುವಿ ಆಗೇತಿ. ಸಿಂಧನೂರಿಗೆ ಕೊಟ್ಟೀವಿ. ಎರಡು ಮಕ್ಕಳು."

ಸಣಕಲ ಗಾಬರಿಯಿಂದ ಕಾಗದ ತಿರುವಿದ. ಎದುರುಮನೆಯ ರಾಜಾಬೀ ಗುರುತಿಲ್ಲದ ಮುಖಗಳನ್ನು ಕಂಡು, ಕಸಬರಿಗೆ ಹಿಡಿದೇ ಓಡಿ ಬಂದಳು. ಕೇಳುವ ಮೊದಲೇ ಸಾಕ್ಷಿ ನುಡಿದಳು.

"ಹೌದ್ರೀ, ಅವಳಿ ಜವಳಿ. ಕೂಸುಗಳಿಗೆ ನೀರು ನಾನೇ ಎರೆದೀನಿ."

"ಹೋದ ತಿಂಗಳು ಪುಣೆಯಲ್ಲಿ ಓಡಿದ್ರಲ್ಲ?" ಅಂದ ಸಣಕಲ.

"ಆಕಿ ಬ್ಯಾರೆ ಅಂಜಲಿ. ಈಕಿಗೆ ಕಾಲೇ ನೆಟ್ಟಗಿಲ್ಲ," ಅಂದಳು ರಾಜಾಬೀ.

ಅದೇ ಹೊತ್ತಿಗೆ ಬಾಗಿಲಾಚೆಯಿಂದ ಉದ್ದನೆಯದೊಂದು ಗೊರಕೆ ಕೇಳಿಸಿತು. ಹೆಂಗಸು ಹುಬ್ಬೇರಿಸಿದಳು.

"ಎಮ್ಮಿರೀ," ಅಂದಳು ಅಜ್ಜಿ.

"ಮನೆ ಒಳಗಾ?"

"ಭಾಳ ಪ್ರೀತಿಲೆ ಸಾಕೀವಿ."

ಏಳೂ ಐವತ್ತೈದಾಯಿತು. ಹೆಂಗಸು ಚೀಲದಿಂದ ಫೋನು ತೆಗೆದಳು. ಕೊನೆಯ ಐದು ನಿಮಿಷದಲ್ಲಿ ಒಂದೇ ಒಂದು ಸಲ ಫೋನು ಮಾಡಿ ನೋಡಲು ಅವರ ಕಾಯಿದೆಯಲ್ಲಿ ಅವಕಾಶವಿತ್ತು. ನಂಬರು ಒತ್ತಿದಳು. ಅಜ್ಜಿಯ ಚಂಚಿ ಗಡಗಡ ನಡುಗಿ ಹಾಡತೊಡಗಿತು.

ಅಜ್ಜಿ ಎಲೆ, ಅಡಿಕೆ, ಸುಣ್ಣದ ಡಬ್ಬಿಗಳ ನಡುವಿನಿಂದ ಫೋನು ಹೊರಗೆಳೆದು ಕಿವಿಗಿಟ್ಟು ಗಟ್ಟಿಯಾಗಿ ಕೂಗಿದಳು. "ಹಲೋ! ಯಾರ್ರೀ? ಅಂಜಲಿ ಇಲ್ಲ!"

"ಅಜ್ಜಿ, ನಾನೇ. ನಿಮ್ಮ ಎದುರಿಗೇ ಕೂತಿದ್ದೀನಿ."

ಅಜ್ಜಿ ತಲೆಯೆತ್ತಿ ನೋಡಿದಳು. ಆದರೂ ಫೋನಿನಲ್ಲೇ ಮಾತು ಮುಂದುವರಿಸಿದಳು. "ನಾಚಿಕಿ ಆಗಲ್ಲೇನವ್ವಾ? ಒಂದು ತಾಸಿನಿಂದ ನೋಡಾಕತ್ತೀನಿ, ಹಗ್ಗ ಹಾಕಿ ಕಟ್ಟಿದಂಗ ಕುಂತೀರಿ! ಇದು ದಿಲ್ಲಿ ಸರಕಾರದವರು ಬರೋ ಹೊತ್ತು. ಇನ್ನೊಂದ್ಸಲ ಸಿಗಲಿಲ್ಲಂದ್ರ ನನ್ನ ಮೊಮ್ಮಗಳ ಓಟ ಬಂದ್. ಅವರ ಕೈಗೆ ಸಿಗಲಿ ಅಂತನ ನಾ ಆಕಿನ್ನ ಒಳಗ ಹಾಕಿ ಬೀಗ ಜಡದೀನಿ. ನಿಮ್ಮಂಥವರ ಕೈಗೆ ಸಿಗಲಿ ಅಂತಲ್ಲ!"

ಹೆಂಗಸು ನಿಧಾನವಾಗಿ ಫೋನು ಕೆಳಗಿಟ್ಟಳು.

"ಅಜ್ಜಿ... ಅಂಜಲಿ ಒಳಗಿದ್ದಾರಾ?"

"ಮತ್ತೆಲ್ಲಿರ್ತಾಳ? ದಿನಾ ಇರ್ತಾಳ!"

"ಆ ದಿಲ್ಲಿಯವರು ನಾವೇ."

ಅಜ್ಜಿಯ ಬಾಯಿಯ ಎಲೆ ಅರ್ಧಕ್ಕೇ ನಿಂತಿತು. "ಜೀಪು?"

"ಇಲ್ಲ."

"ಜವಾನ?"

ಹೆಂಗಸು ಸಣಕಲನ ಕಡೆ ಕೈ ತೋರಿಸಿದಳು. ರಾಜಾಬೀ ಮೆಲ್ಲಗೆ ಕಸಬರಿಗೆ ಬೆನ್ನ ಹಿಂದೆ ಮರೆಮಾಡಿದಳು. "ಯಾ ಅಲ್ಲಾ, ನಾ ಎರೆದಿಲ್ರೀ. ಅವಳಿನೂ ಇಲ್ಲ, ಜವಳಿನೂ ಇಲ್ಲ."

ಅಜ್ಜಿ ಕೀಲಿ ಹಾಕಿದರೆ ಹೊಸ ಬೀಗ ಮೊಂಡು ಹಿಡಿಯಿತು. ಸಣಕಲ ತಿರುಗಿಸಿದ, ರಾಜಾಬೀ ಬಾಗಿಲಿಗೆ ಒದ್ದಳು, ಹೆಂಗಸು ಗಡಿಯಾರ ನೋಡುತ್ತ "ಎರಡು ನಿಮಿಷ" ಅಂದಳು. ಕಡೆಗೆ ಅಜ್ಜಿ "ನಿನ್ನ ಹೆಣಾ ಎತ್ತಲಿ!" ಅಂತ ಬೈದದ್ದಕ್ಕೇ ಬೀಗ ಬಿಚ್ಚಿಕೊಂಡಿತು. ಏಳೂ ಐವತ್ತೊಂಬತ್ತಕ್ಕೆ ಅಂಜಲಿ ಕಣ್ಣುಜ್ಜಿಕೊಳ್ಳುತ್ತ ಕಾಗದಕ್ಕೆ ಸಹಿ ಹಾಕಿದಳು. ಅಜ್ಜಿ ಕಟ್ಟೆಗೆ ಮರಳಿ ಇನ್ನೊಂದು ಎಲೆ ಮಡಿಚಿದಳು.

ಆದರೆ ಕೆಲಸ ಮುಗಿದಿರಲಿಲ್ಲ, ಉಚ್ಚೆ ಬರಬೇಕಿತ್ತು. ಅಂಜಲಿ ಮಲಗುವ ಮುಂಚೆಯೇ ಎಲ್ಲ ಮುಗಿಸಿಕೊಂಡಿದ್ದಳು. ಸೀಲು ಒಡೆಯದ ನೀರಿನ ಬಾಟಲಿಗಳು ಒಂದು, ಎರಡು, ಮೂರು ಖಾಲಿಯಾದವು. ಓಣಿಯವರೆಲ್ಲ ಕಟ್ಟೆ ತುಂಬ ಕೂತು, ಹೆರಿಗೆಮನೆಯ ಮುಂದೆ ಕಾಯುವವರಂತೆ "ಏನಾತು? ಏನಾತು?" ಅನ್ನತೊಡಗಿದರು. ಹತ್ತರ ಸುಮಾರಿಗೆ ಅಂಜಲಿ ಎದ್ದಳು. ಹೆಂಗಸೂ ಹಿಂದೆಯೇ ಎದ್ದಳು.

"ನೀ ಎಲ್ಲಿಗವ್ವಾ?" ಅಂದಳು ಅಜ್ಜಿ.

"ನಾನು ಕಣ್ಣಾರೆ ನೋಡಬೇಕು ಅಜ್ಜಿ. ಅದೇ ನನ್ನ ಕೆಲಸ."

"ಅದಕ್ಕ ಪಗಾರ ಕೊಡ್ತಾರೇನು?"

"ಕೊಡ್ತಾರೆ."

"ಎಷ್ಟು ಓದೀ?"

"ಎಂ.ಎಸ್ಸಿ."

"ಶಿವನೇ," ಅಂದಳು ಅಜ್ಜಿ, ಆಕೆಯ ತಾಯಿತಂದೆಯನ್ನು ನೆನೆದು ಮರುಗುತ್ತ.

ಬಾಟಲಿಗೆ ಸೀಲು ಬಿದ್ದಾಗ ಓಣಿಯಲ್ಲಿ ಚಪ್ಪಾಳೆ. ಇಷ್ಟು ಜನರ ಕಣ್ಣು ತಾಗಿದೆಯೆಂದು ಅಜ್ಜಿ ಉಪ್ಪು ಮೆಣಸಿನಕಾಯಿ ತಂದು ಬಾಟಲಿಗೆ ದೃಷ್ಟಿ ತೆಗೆಯಲು ಹೋದಳು. ಸಣಕಲ ಚೀಲವನ್ನು ಎದೆಗವಚಿಕೊಂಡು ಸೊಹೇಲನ ಆಟೋಕ್ಕೆ ಹಾರಿದ.

ಇನ್ನುಮೇಲೆ ಏಳರಿಂದ ಎಂಟರವರೆಗೆ ಸತ್ಯವನ್ನೇ ನುಡಿಯುವೆನೆಂದು ಅಜ್ಜಿ ಆಣೆ ಮಾಡಿದಳು. ಬೀಗ ಕಾಳು ತುಂಬುವ ಹಗೇವಿಗೆ ಬಿತ್ತು. ಮರುದಿನ ಏಳೂ ಕಾಲಿಗೆ ಬಾಗಿಲನ್ನು ಹಾರುಹೊಡೆದು ಕೂತಿದ್ದಾಗ, ತಲೆಯ ಮೇಲೆ ಬುಟ್ಟಿ ಹೊತ್ತ ಸ್ಟೀಲು ಪಾತ್ರೆಯವನೊಬ್ಬ ಓಣಿಗೆ ಬಂದ. ಗುರುತಿಲ್ಲದ ಮುಖ. ಜೀಪಿಲ್ಲ, ಜವಾನನಿಲ್ಲ. ಈ ಸಲ ಅಜ್ಜಿ ಮೋಸಹೋಗಲಿಲ್ಲ.

"ಬರ್ರೀ ಸಾಹೇಬ್ರ, ಒಳಗ ಅದಾಳ! ಬಾಟ್ಲಿ ತಂದೀರಿ?"

"ತಂದೀನವ್ವಾ. ದೊಡ್ಡವೂ ಅದಾವು, ಸಣ್ಣವೂ ಅದಾವು."

"ಸಣ್ಣದು ಸಾಕು, ನಿನ್ನೇ ಕೊಟ್ಟಾಳ. ಅಂಜಲೀ, ಏಳವ್ವಾ! ಸಾಹೇಬ್ರು ಬಂದಾರ, ಉಚ್ಚಿ ಹೊಯ್ದು ಕೊಡು! ನಿಂತು ನೋಡೋರು ನೀವೇ ಏನ್ರೀ, ಇಲ್ಲಾ ಎಂ.ಎಸ್ಸಿ ಹುಡುಗಿ ಬರ್ತಾಳೇನು?"

ಅಂಜಲಿ ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಪಾತ್ರೆಯವನು ಬುಟ್ಟಿಸಮೇತ ಮಸ್ಕಿಯ ರಸ್ತೆ ಹಿಡಿದಾಗಿತ್ತು. ಅವಳು ನಿದ್ದೆಗಣ್ಣಲ್ಲೇ ಅವನ ಹೆಜ್ಜೆಯ ಉದ್ದ, ಕೈಯ ಬೀಸು ನೋಡುತ್ತ ನಿಂತಳು. ತಲೆಯ ಮೇಲಿನ ಬುಟ್ಟಿ ಅಲುಗುತ್ತಲೂ ಇರಲಿಲ್ಲ.

"ಅಜ್ಜೀ," ಅಂದಳು, "ಭಾಳ ಚಲೋ ಓಡ್ತಾನಲ್ಲ ಬೇ. ಅನಿಲಕುಮಾರ್ ಸರ್‌ಗೆ ಹೇಳಬೇಕು."